ಒಂದೇ ಸಾಲಿನ ಸ್ಕ್ರೋಲ್, ಮೂರು ದಿನ ಹಿಡಿದ ಮೆನು

ಒಂದೇ ಪುಟದ ಉದ್ದನೆಯ ವೆಬ್‌ಸೈಟ್ ಮಾಡುತ್ತಿದ್ದೆ. ಮೆನುವಿನಲ್ಲಿ ಯಾವುದನ್ನು ಒತ್ತಿದರೂ ಪುಟ ಪಟ್ಟಂತ ಅಲ್ಲಿಗೆ ಹಾರುತ್ತಿತ್ತು. ಮೇಲೆ ಹೋದೆವೋ, ಕೆಳಗೆ ಬಂದೆವೋ, ನೋಡುವವರಿಗೆ ತಿಳಿಯಬೇಕಲ್ವಾ?

ಇದಕ್ಕೆ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹುಡುಕಲು ಹೊರಟಿದ್ದೆ. ಬೇಕಾಗಲೇ ಇಲ್ಲ. ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಸ್ಕ್ರೋಲ್-ಬಿಹೇವಿಯರ್: ಸ್ಮೂತ್’ ಅಂತ ಒಂದು ಸಾಲು ಬರೆದೆ, ಪುಟ ನಿಧಾನವಾಗಿ ಜಾರಿತು. 2022ರಲ್ಲಿ ಆಪಲ್‌ನ ಬ್ರೌಸರ್ ಸಫಾರಿ 15.4 ಬಂದ ಮೇಲೆ ಅಲ್ಲೂ ಇದು ನಡೆಯುತ್ತದೆ. ಮೇಲೆ ಅಂಟಿಕೊಂಡಿದ್ದ ಹೆಡರ್ ಮಾತ್ರ ತಲೆಬರಹಗಳನ್ನು ಮುಚ್ಚುತ್ತಿತ್ತು. ಹೆಡರ್‌ನ ಎತ್ತರವನ್ನೇ, ಪುಟ ಜಾರಿ ನಿಲ್ಲುವಾಗ ಮೇಲೆ ಎಷ್ಟು ಜಾಗ ಬಿಡಬೇಕೆಂದು ಹೇಳುವ ‘ಸ್ಕ್ರೋಲ್-ಪ್ಯಾಡಿಂಗ್-ಟಾಪ್’ಗೆ ಕೊಟ್ಟೆ, ಸರಿಹೋಯಿತು. ಪರದೆ ಜಾಸ್ತಿ ಅಲುಗಾಡಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಅಂಥವರು ತಮ್ಮ ಸಾಧನದಲ್ಲಿ ಚಲನೆ ಕಡಿಮೆ ಮಾಡಿಕೊಂಡಿರುತ್ತಾರೆ. ಅದನ್ನು ತಿಳಿಸುವ ‘ಪ್ರಿಫರ್ಸ್-ರೆಡ್ಯೂಸ್ಡ್-ಮೋಶನ್’ ನೋಡಿ, ಅವರಿಗೆ ಈ ಜಾರುವಿಕೆ ಬರದಂತೆ ಮಾಡಿದೆ. ಇದನ್ನು ದಯವಿಟ್ಟು ಯಾರೂ ಮರೆಯಬೇಡಿ.

ಕಾಡಿದ್ದು ಹೋವರ್ ಮೆನು. ಮೌಸ್ ಇಟ್ಟರೆ ತೆರೆಯುತ್ತಿತ್ತು, ಕೆಳಗಿಳಿಸುವಷ್ಟರಲ್ಲಿ ಮಾಯ! ಮೆನುವಿನ ಹೆಸರಿಗೂ ಅದರಡಿ ತೆರೆಯುವ ಒಳಪಟ್ಟಿಗೂ ನಡುವೆ ಅಂದಕ್ಕೆಂದು 8 ಪಿಕ್ಸೆಲ್ ಮಾರ್ಜಿನ್ (ಡಬ್ಬಿಯ ಹೊರಗಿನ ಜಾಗ) ಬಿಟ್ಟಿದ್ದೆ. ಮೌಸ್ ಆ ಖಾಲಿ ಜಾಗಕ್ಕೆ ಬಂದೊಡನೆ ಹೋವರ್ ತಪ್ಪುತ್ತಿತ್ತು. ಮಾರ್ಜಿನ್ ತೆಗೆದು, ಒಳಪಟ್ಟಿಯನ್ನು ಸುತ್ತುವರಿದ ಡಬ್ಬಿಗೆ ಅಷ್ಟೇ ಪ್ಯಾಡಿಂಗ್ (ಡಬ್ಬಿಯ ಒಳಗಿನ ಜಾಗ) ಕೊಟ್ಟೆ. ನೋಡಲು ಅದೇ ಅಂತರ, ಆದರೆ ಈಗ ಅದೂ ಮೆನುವಿನ ಭಾಗ. ಮೌಸನ್ನು ಓರೆಯಾಗಿ ಎಳೆಯುವವರಿಗೆ ಇಷ್ಟು ಸಾಲದು. ತಟ್ಟನೆ ಮಾಯಮಾಡುವ ‘ಡಿಸ್‌ಪ್ಲೇ: ನನ್’ ಬದಲು, ತಡ ಇಡಲು ಬರುವ ‘ವಿಸಿಬಿಲಿಟಿ’, ‘ಒಪ್ಯಾಸಿಟಿ’ ಬಳಸಿ, ಮುಚ್ಚುವಾಗ 300 ಮಿಲಿಸೆಕೆಂಡ್ ತಡ ಇಟ್ಟೆ. ತೆರೆಯುವಾಗ ತಡ ಬೇಡ.

ಆಮೇಲೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋದೆ. ಒಳಪಟ್ಟಿ ತೆರೆಯಲೇ ಇಲ್ಲ. ಕೀಬೋರ್ಡ್ ಒಂದನ್ನೇ ನಂಬಿದವರಿಗೆ ನನ್ನ ಅರ್ಧ ಸೈಟ್ ಇಲ್ಲವೇ ಇಲ್ಲ ಅಂತ ಆಗ ಅರಿವಾಯಿತು, ನಿಜಕ್ಕೂ ಬೇಸರವಾಯಿತು. ಮೆನುವಿನೊಳಗೆ ಎಲ್ಲಿ ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಇದ್ದರೂ ಕೆಲಸ ಮಾಡುವ ‘ಫೋಕಸ್-ವಿದಿನ್’ ಹಾಕಿದೆ, ತೆರೆಯಿತು. ಆದರೆ ಫೋನಿನಲ್ಲಿ ಹೋವರ್ ಇಲ್ಲವೆಂದು ಒಂದು ಬಟನ್ ಇಟ್ಟಿದ್ದೆ. ಅದನ್ನು ಎರಡನೇ ಸಲ ಮುಟ್ಟಿದರೂ ಮೆನು ಮುಚ್ಚುತ್ತಿರಲಿಲ್ಲ, ಯಾಕೆಂದರೆ ಫೋಕಸ್ ಬಟನ್ ಮೇಲೇ ಉಳಿದು ಮೆನುವನ್ನು ಹಿಡಿದುಕೊಂಡಿತ್ತು.

ಕೊನೆಗೆ ‘ಫೋಕಸ್-ವಿದಿನ್’ ತೆಗೆದುಬಿಟ್ಟೆ. ಕೀಬೋರ್ಡಿಗೂ ಬೆರಳಿಗೂ ಅದೇ ಬಟನ್, ತೆರೆದಿದೆಯೋ ಮುಚ್ಚಿದೆಯೋ ಎಂದು, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಹೇಳಲು ‘ಏರಿಯಾ-ಎಕ್ಸ್‌ಪ್ಯಾಂಡೆಡ್’. ಹೋವರ್ ನಿಯಮಗಳು ಮೌಸ್ ಇರುವ ಕಡೆ ಮಾತ್ರ. ಎಸ್ಕೇಪ್ ಒತ್ತಿದರೆ ಮೆನು ಮುಚ್ಚಿ ಫೋಕಸ್ ಬಟನ್‌ಗೇ ಮರಳುತ್ತದೆ. ಇದಕ್ಕೆಲ್ಲ ಬೇಕಾದ ಜಾವಾಸ್ಕ್ರಿಪ್ಟ್ ಇಪ್ಪತ್ತು ಸಾಲೂ ದಾಟಲಿಲ್ಲ.