ಉನ್ನತ ಹಂತದ ಫ್ರೆಂಚ್ ಕಲಿಕೆಗೆ ಸಾಮಗ್ರಿಯನ್ನು ಆಯ್ದುಕೊಳ್ಳುವ ಬಗೆ

ಭಾಷಾ ಕಲಿಕೆಗೆ ಯುರೋಪಿನಲ್ಲಿ ಗೊತ್ತುಮಾಡಿರುವ ಎ-1ರಿಂದ ಸಿ-2ರವರೆಗಿನ ಆರು ಹಂತಗಳಲ್ಲಿ ನಾಲ್ಕನೆಯದಾದ ಬಿ-2 ಹಂತವನ್ನು ಮುಗಿಸಿದ ವಿದ್ಯಾರ್ಥಿಗೆ ಅದೇ ಸರಣಿಯ ಮುಂದಿನ ಪುಸ್ತಕವನ್ನು ತರಿಸಿಕೊಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಮಂಗಳೂರಿನಲ್ಲಿ ಸಂಜೆಯ ತರಗತಿ ನಡೆಸುವ ನಾನೂ ಕೆಲವು ವರ್ಷ ಹಾಗೆಯೇ ಮಾಡಿದ್ದೇನೆ. ಆರಂಭದ ಹಂತಗಳಲ್ಲಿ ಎಲ್ಲರಿಗೂ ಬೇಕಾದುದು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ರೂಢಿಯಿಂದ ತೊಂದರೆಯಾಗುವುದಿಲ್ಲ. ಮೇಲಿನ ಹಂತದಲ್ಲಿ ಮಾತ್ರ ಒಬ್ಬೊಬ್ಬರ ಕೊರತೆ ಒಂದೊಂದು ಬಗೆಯದಾಗಿರುತ್ತದೆ. ಆದ್ದರಿಂದ ಪುಸ್ತಕವನ್ನು ಹುಡುಕುವ ಮೊದಲು ವಿದ್ಯಾರ್ಥಿಯಿಂದ ಒಂದು ಪುಟ ಬರೆಸಿ, ಐದು ನಿಮಿಷ ಮಾತಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಅವರು ಎಲ್ಲಿಗೆ ಹೋಗುವವರು ಎಂಬುದೂ ಗೊತ್ತಿರಬೇಕು. ಫ್ರಾನ್ಸಿನಲ್ಲಿ ‘ದೆಜ್ಯೂನೆ’ ಎಂದರೆ ಮಧ್ಯಾಹ್ನದ ಊಟ, ಕೆನಡಾದ ಕ್ವಿಬೆಕ್‌ನಲ್ಲಿ ಅದು ಬೆಳಗಿನ ತಿಂಡಿ. ಎಪ್ಪತ್ತು ಎಂಬುದಕ್ಕೆ ಫ್ರಾನ್ಸಿನವರು ಅರವತ್ತು-ಹತ್ತು ಎಂಬರ್ಥದ ‘ಸ್ವಾಸಾಂತ್-ದೀಸ್’ ಎಂದರೆ, ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು ‘ಸೆಪ್ತಾಂತ್’ ಎನ್ನುತ್ತಾರೆ. ಕ್ವಿಬೆಕ್‌ಗೆ ಹೊರಟವರಿಗೆ ಪ್ಯಾರಿಸ್ಸಿನ ಧ್ವನಿಗಳನ್ನಷ್ಟೇ ಕೇಳಿಸಿದರೆ ಅವರು ಅಲ್ಲಿ ಇಳಿದ ಮೊದಲ ದಿನವೇ ಗಲಿಬಿಲಿಗೊಳ್ಳುತ್ತಾರೆ. ಅಂಥವರಿಗೆ ರೇಡಿಯೋ-ಕೆನಡಾದ ಕಾರ್ಯಕ್ರಮಗಳನ್ನು ವಾರಕ್ಕೆ ಎರಡು ಸಲವಾದರೂ ಕೇಳಿಸಬೇಕು.

ಓದುವ ಪಠ್ಯದ ಕಾಠಿಣ್ಯವನ್ನು ಅಳೆಯಲು ನಾನು ಒಂದು ಸರಳ ಲೆಕ್ಕವನ್ನು ಇಟ್ಟುಕೊಂಡಿದ್ದೇನೆ. ಸುಮಾರು 300 ಪದಗಳ ಒಂದು ಪುಟವನ್ನು ಕೊಟ್ಟು, ಅರ್ಥವಾಗದ ಪದಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳುತ್ತೇನೆ. ಆರು ಗೆರೆಗಳೊಳಗೆ ಇದ್ದರೆ ಆ ಪಠ್ಯವನ್ನು ಮನೆಯಲ್ಲಿ ಒಬ್ಬರೇ ಓದಬಹುದು. ಹದಿನೈದರವರೆಗೆ ಇದ್ದರೆ ತರಗತಿಯಲ್ಲಿ ಜೊತೆಗೂಡಿ ಓದಬೇಕು, ಅದಕ್ಕಿಂತ ಹೆಚ್ಚಿದ್ದರೆ ಬದಿಗಿಡಬೇಕು. ಮುಖಪುಟದ ಮೇಲೆ ಮುದ್ರಿಸಿದ ಸಿ-1 ಎಂಬ ಗುರುತಿಗಿಂತ ಈ ಪೆನ್ಸಿಲಿನ ಗೆರೆಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಅತ್ಯಂತ ಎಚ್ಚರದಿಂದ ಆಯಬೇಕಾದುದು ಕೇಳುವ ಸಾಮಗ್ರಿಯನ್ನು. ಬರೆಯುವ ಫ್ರೆಂಚಿಗೂ ಆಡುವ ಫ್ರೆಂಚಿಗೂ ಇರುವ ಅಂತರ ಬಹಳ ದೊಡ್ಡದು. ‘ನನಗೆ ಗೊತ್ತಿಲ್ಲ’ ಎಂಬುದು ಪುಸ್ತಕದಲ್ಲಿ ‘ಜ್ ನ ಸೇ ಪಾ’ ಎಂದಿದ್ದರೆ, ಬೀದಿಯಲ್ಲಿ ನಿಷೇಧದ ‘ನ’ ಬಿದ್ದುಹೋಗಿ, ಉಳಿದದ್ದು ಕೂಡಿಕೊಂಡು ‘ಶೇ ಪಾ’ ಆಗುತ್ತದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಕನ್ನಡವನ್ನು ಶಾಲೆಯ ಪುಸ್ತಕದಿಂದ ಕಲಿತು, ‘ಏನು ಮಾಡುತ್ತಿದ್ದೀರಿ’ ಎಂದು ಬಿಡಿಸಿ ಹೇಳುವ ನಮ್ಮ ಕರಾವಳಿಯವರಿಗೆ ಧಾರವಾಡದ ‘ಏನ್ ಮಾಡಾಕತ್ತೀರಿ’ ಮೊದಲ ಸಲ ಕಿವಿಗೆ ಬಿದ್ದಾಗ ಆಗುವ ಅನುಭವ ಇದೇ ಬಗೆಯದು. ಈ ಹೋಲಿಕೆಯನ್ನು ಹೇಳಿದೊಡನೆ ವಿದ್ಯಾರ್ಥಿಗಳಿಗೆ ವಿಷಯ ಮನದಟ್ಟಾಗುವುದನ್ನು ನಾನು ಕಂಡಿದ್ದೇನೆ. ಆರ್‌ಎಫ್‌ಐ ಎಂಬ ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೋ ವಾಹಿನಿಯವರು ಸರಳ ಫ್ರೆಂಚಿನಲ್ಲಿ ಕೊಡುವ ಹತ್ತು ನಿಮಿಷಗಳ ವಾರ್ತೆಯ ಜೊತೆಗೆ ಅದರ ಲಿಖಿತ ರೂಪವೂ ಸಿಗುತ್ತದೆಯಾದ್ದರಿಂದ ಬಿ-2ರಿಂದ ಮೇಲೇರುವವರಿಗೆ ಅದು ಒಳ್ಳೆಯ ಮೆಟ್ಟಿಲು. ಆದರೆ ಅದು ಓದಿ ಹೇಳುವ ಭಾಷೆ. ಒಂದೆರಡು ತಿಂಗಳ ಬಳಿಕ ಫ್ರಾನ್ಸ್ ಕಲ್ಚರ್, ಫ್ರಾನ್ಸ್ ಇಂಟರ್ ವಾಹಿನಿಗಳ ಸಂಭಾಷಣೆಗಳಿಗೆ, ಅಂದರೆ ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುವಂಥವುಗಳಿಗೆ, ದಾಟಲೇಬೇಕು.

ಹತ್ತೊಂಬತ್ತನೆಯ ಶತಮಾನದ ಕಥೆಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ಪಾಸೆ ಸಾಂಪ್ಲ್’ ಎಂಬ ಭೂತಕಾಲ ಇಂದಿನ ಮಾತಿನಲ್ಲಿ ಬಳಕೆಯಲ್ಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಅವು ಅಗತ್ಯ, ಉಳಿದವರಿಗೆ ದಿನಪತ್ರಿಕೆಯ ಸಂಪಾದಕೀಯವೇ ಮೇಲು.

ನಿಘಂಟಿನ ವಿಷಯದಲ್ಲಿ ನನ್ನ ನಿಲುವು ಖಚಿತವಾದುದು: ಈ ಹಂತದಲ್ಲಿ ಫ್ರೆಂಚ್-ಫ್ರೆಂಚ್ ನಿಘಂಟನ್ನೇ ಬಳಸಬೇಕು. ನಮ್ಮವರು ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುವುದರಿಂದ ‘ಆಕ್ತ್ಯುಯೆಲ್‌ಮಾಂ’ ಎಂಬುದನ್ನು ಇಂಗ್ಲಿಷಿನ ‘ಆ್ಯಕ್ಚುಯಲಿ’ ಎಂದೇ ತಿಳಿದುಬಿಡುತ್ತಾರೆ, ಆದರೆ ಅದರ ಅರ್ಥ ‘ಸದ್ಯ’ ಎಂದು. ಲಾರೂಸ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ.

ಪರೀಕ್ಷೆಗೆ ಸಿದ್ಧರಾಗುವವರು ಪುಸ್ತಕದ ಮುದ್ರಣದ ವರ್ಷವನ್ನು ನೋಡದೆ ಕೊಳ್ಳಬಾರದು. 2020ರಿಂದ, ಫ್ರೆಂಚ್ ಭಾಷೆಯ ಅಧಿಕೃತ ಪ್ರಮಾಣಪತ್ರದ ಪರೀಕ್ಷೆಯಾದ ದೆಲ್ಫ್‌ನ ಬಿ-2 ಪ್ರಶ್ನೆಪತ್ರಿಕೆಯ ಸ್ವರೂಪ ಹಂತಹಂತವಾಗಿ ಬದಲಾಗಿ, ಕೇಳುವ ಮತ್ತು ಓದುವ ಭಾಗಗಳಿಗೆ ಬಹು ಆಯ್ಕೆಯ ಪ್ರಶ್ನೆಗಳು ಬಂದಿವೆ. ಒಮ್ಮೆ ಒಬ್ಬ ಮಾರಾಟಗಾರರು ಹೊಸದೆಂದು ಹೇಳಿ ಕಳುಹಿಸಿದ ಪ್ರತಿಗಳು ಹಳೆಯ ಮಾದರಿಯವಾಗಿದ್ದು, ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ತರಗತಿಯ ಆರು ವಾರಗಳು ಕಳೆದಿದ್ದವು. ದೆಲ್ಫ್‌ಗಿಂತ ಮೇಲಿನ ಪರೀಕ್ಷೆಯಾದ ದಾಲ್ಫ್ ಸಿ-1ಕ್ಕೆ ಓದುವವರಿಗೆ ಅಭ್ಯಾಸಪುಸ್ತಕ ಒಂದೇ ಸಾಲದು. ಒಟ್ಟು ಸುಮಾರು ಸಾವಿರ ಪದಗಳ ಲೇಖನಗಳನ್ನು ಓದಿ, ಸ್ವಂತ ಅಭಿಪ್ರಾಯವನ್ನು ಸೇರಿಸದೆ, ಸುಮಾರು 220 ಪದಗಳಲ್ಲಿ ಸಂಗ್ರಹಿಸುವ ಕೆಲಸ ಅಲ್ಲಿದೆ. ಇದಕ್ಕಾಗಿ ಒಂದೇ ವಿಷಯದ ಬಗ್ಗೆ ಭಿನ್ನ ನಿಲುವಿನ ಎರಡು ಫ್ರೆಂಚ್ ಪತ್ರಿಕೆಗಳ ಲೇಖನಗಳನ್ನು ಜೋಡಿಯಾಗಿ ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಳ್ಳಿ. ಮೀನುಗಾರಿಕೆ, ಬಂದರು, ಕಡಲ್ಕೊರೆತದಂಥ ವಿಷಯಗಳಿಂದ ಆರಂಭಿಸಿದರೆ ನಮ್ಮ ಊರಿನ ಮಕ್ಕಳಿಗೆ ವಿಷಯ ಮೊದಲೇ ತಿಳಿದಿರುವುದರಿಂದ, ಅವರ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ.