ಬಿಡದಿಯೋ, ರಾಮನಗರವೋ, ಚನ್ನಪಟ್ಟಣವೋ: ಬೆಂಗಳೂರಿಗೆ ಓಡಾಡುವ ಕುಟುಂಬ ಮನೆ ಕೊಳ್ಳಲು ಊರನ್ನು ಆರಿಸುವ ಬಗೆ

ಬೆಂಗಳೂರಿನಲ್ಲಿ ಕೆಲಸವಿದ್ದರೂ ಅಲ್ಲಿ ಸ್ವಂತ ಮನೆ ಕೊಳ್ಳುವ ಶಕ್ತಿಯಿಲ್ಲದ ಕುಟುಂಬಗಳು ಮೈಸೂರು ರಸ್ತೆಯ ಕಡೆಗೆ ಮುಖ ಮಾಡಿದಾಗ ಮೂರು ಊರುಗಳು ಒಂದರ ಹಿಂದೆ ಒಂದರಂತೆ ಎದುರಾಗುತ್ತವೆ. ಮೆಜೆಸ್ಟಿಕ್ಕಿನಲ್ಲಿರುವ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ರೈಲು ಹಾದಿಯಲ್ಲಿ ಸುಮಾರು 30 ಕಿಲೋಮೀಟರಿಗೆ ಬಿಡದಿ, 45ಕ್ಕೆ ರಾಮನಗರ, 56ಕ್ಕೆ ಚನ್ನಪಟ್ಟಣ. ಮೂರೂ ಒಂದೇ ಹೆದ್ದಾರಿಯ ಮತ್ತು ಒಂದೇ ರೈಲು ಮಾರ್ಗದ ಊರುಗಳಾದ್ದರಿಂದ, ದೂರ ಹೆಚ್ಚಿದಂತೆ ಬೆಲೆ ಇಳಿಯುತ್ತದೆ, ನಮ್ಮ ಹಣಕ್ಕೆ ಸಿಗುವ ಮನೆಗಳಲ್ಲಿ ಬೆಂಗಳೂರಿಗೆ ಅತಿ ಹತ್ತಿರದ್ದನ್ನು ಕೊಂಡರಾಯಿತು ಎಂಬ ಲೆಕ್ಕ ಸಹಜವಾಗಿಯೇ ಮನಸ್ಸಿಗೆ ಬರುತ್ತದೆ. ನಾವೂ ಹಾಗೆಯೇ ಲೆಕ್ಕ ಹಾಕಿಕೊಂಡು ಹುಡುಕಲು ಹೊರಟೆವು. ಒಂದೂವರೆ ವರ್ಷ ಅಲೆದ ಮೇಲೆ ಆ ಲೆಕ್ಕದಲ್ಲಿ ಬಿಟ್ಟುಹೋದದ್ದೇನು ಎಂಬುದು ತಿಳಿಯಿತು: ಬೆಂಗಳೂರಿಗೆ ಓಡಾಡುವವರು ಮನೆಯಲ್ಲಿ ಒಬ್ಬರೋ ಇಬ್ಬರೋ, ಮಿಕ್ಕವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಬದುಕುವುದು ಆ ಊರಿನಲ್ಲಿಯೇ. ಆದ್ದರಿಂದ ಊರನ್ನು ಮನೆಯಲ್ಲಿ ಉಳಿಯುವವರಿಗಾಗಿ ಆರಿಸಬೇಕು, ಆ ಊರಿನೊಳಗಿನ ಬಡಾವಣೆಯನ್ನು ಓಡಾಡುವವರಿಗಾಗಿ ಆರಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದ ಕುಟುಂಬಗಳು ಎರಡು ಮೂರು ವರ್ಷಗಳಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟು ಮತ್ತೆ ಬೆಂಗಳೂರಿನ ಬಾಡಿಗೆ ಮನೆಗೆ ಮರಳಿದ್ದನ್ನು ನಾನು ಕಂಡಿದ್ದೇನೆ.

ಮೊದಲ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ಮನೆಯ ಪ್ರತಿಯೊಬ್ಬರ ಒಂದು ವಾರದ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಚೇರಿಗೆ ವಾರಕ್ಕೆ ಎಷ್ಟು ದಿನ ಹೋಗಬೇಕು, ಕಚೇರಿ ಇರುವುದು ಮೆಜೆಸ್ಟಿಕ್ಕಿನ ಸುತ್ತಲೋ, ಮೆಟ್ರೊ ನೇರಳೆ ಮಾರ್ಗದ ಅಂಚಿನಲ್ಲೋ, ಹೊರವರ್ತುಲ ರಸ್ತೆಯಲ್ಲೋ. ಮಕ್ಕಳು ಯಾವ ತರಗತಿಯಲ್ಲಿದ್ದಾರೆ, ಪಿಯುಸಿಗೆ ಇನ್ನೆಷ್ಟು ವರ್ಷವಿದೆ. ಹಿರಿಯರು ತಿಂಗಳಿಗೆ ಎಷ್ಟು ಬಾರಿ ಆಸ್ಪತ್ರೆಗೆ ಹೋಗುತ್ತಾರೆ, ದೇವಸ್ಥಾನಕ್ಕೂ ತರಕಾರಿಗೂ ಯಾರ ನೆರವಿಲ್ಲದೆ ನಡೆದು ಹೋಗುತ್ತಾರೆಯೇ ಎಂಬುದೆಲ್ಲ ಅದರಲ್ಲಿರಲಿ. ಹಾಳೆ ತುಂಬಿದಾಗ ಯಾರ ದಿನ ಈ ಹೊಸ ಊರಿನಿಂದ ಹೆಚ್ಚು ಬದಲಾಗುತ್ತದೆ ಎಂಬುದು ಕಾಣುತ್ತದೆ. ನಮ್ಮ ಮನೆಯಲ್ಲಿ ಅದು ನಾನಾಗಿರಲಿಲ್ಲ, ಅಮ್ಮನಾಗಿದ್ದರು.

ಓಡಾಟದ ಲೆಕ್ಕ

ಬೆಂಗಳೂರು–ಮೈಸೂರು ರೈಲು ಮಾರ್ಗ ಜೋಡಿ ಹಳಿಯಾಗಿದೆ, ವಿದ್ಯುದೀಕರಣವೂ ಆಗಿದೆ. ಈ ಮೂರೂ ಊರುಗಳ ದಿನನಿತ್ಯದ ಪ್ರಯಾಣಿಕರಿಗೆ ಮಾಸಿಕ ಸೀಸನ್ ಟಿಕೆಟ್ಟು ಬಹಳ ಅಗ್ಗದ ದಾರಿ. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಮೆಟ್ರೊ ನಿಲ್ದಾಣ ಪಕ್ಕದಲ್ಲಿಯೇ ಇದೆ. ಹಾಗಾಗಿ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ನಿಮ್ಮ ಕಚೇರಿಯ ಸಮಯಕ್ಕೆ ಹೊಂದುವ ಎರಡು ರೈಲುಗಳಾದರೂ ಬೆಳಿಗ್ಗೆ ಇವೆಯೇ ಎಂದು ನೋಡಿ. ಎರಡು ಎನ್ನಲು ಕಾರಣ, ಒಂದು ತಪ್ಪಿದ ದಿನ ಇನ್ನೊಂದು ಕೈಹಿಡಿಯಬೇಕು. ಆ ರೈಲು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ: ಮೈಸೂರು, ಮಂಡ್ಯಗಳಿಂದ ತುಂಬಿಕೊಂಡು ಬರುವ ಎಕ್ಸ್‌ಪ್ರೆಸ್ಸಿನಲ್ಲಿ ಬಿಡದಿಯವರಿಗೆ ನಿಲ್ಲಲು ಜಾಗ ಸಿಕ್ಕರೆ ಹೆಚ್ಚು, ಊರೂರಿಗೆ ನಿಲ್ಲುವ ಮೆಮು ರೈಲಿನಲ್ಲಿಯೂ ಮೊದಲು ಹತ್ತುವ ಊರಿನವರಿಗೇ ಆಸನ. ಈ ಒಂದು ವಿಷಯದಲ್ಲಿ ದೂರದ ಚನ್ನಪಟ್ಟಣದವರು ಹತ್ತಿರದ ಬಿಡದಿಯವರಿಗಿಂತ ಸುಖವಾಗಿ ಪ್ರಯಾಣ ಮಾಡುವುದುಂಟು. ಸಂಜೆಯ ಕೊನೆಯ ಅನುಕೂಲಕರ ರೈಲು ಎಷ್ಟು ಹೊತ್ತಿಗೆ ಎಂಬುದು ಬೆಳಗಿನ ಮೊದಲ ರೈಲಿಗಿಂತ ಮುಖ್ಯ, ಏಕೆಂದರೆ ಕಚೇರಿ ಬಿಡುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ.

ರಸ್ತೆಯ ಮಾತು ಬೇರೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಂದಿನಿಂದ ಬ್ರೋಕರುಗಳು ಅದರ ಹೆಸರು ಹೇಳದೆ ಸೈಟು ತೋರಿಸುವುದಿಲ್ಲ. ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೊಗಳಿಗೆ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕು. ಮನೆಯ ವಾಹನ ಸ್ಕೂಟರೊಂದೇ ಆಗಿದ್ದರೆ ದಶಪಥ ನಿಮಗಾಗಿ ಇಲ್ಲವೆಂದೇ ತಿಳಿದು ಲೆಕ್ಕ ಹಾಕಿ. ಕಾರಿನಲ್ಲಿ ಹೋಗುವವರಿಗೆ ಕಣಿಮಿಣಿಕೆಯ ಟೋಲ್ ಬಿಡದಿಗೂ ಬೆಂಗಳೂರಿಗೂ ನಡುವೆಯೇ ಇರುವುದರಿಂದ ಮೂರೂ ಊರಿನವರು ಅದನ್ನು ದಾಟಬೇಕು. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು 200 ಬಾರಿ ದಾಟುವುದಕ್ಕೆ ಮಾತ್ರ. ತಿಂಗಳಿಗೆ 22 ದಿನ ಹೋಗಿ ಬರುವವರಿಗೆ ಅದು ಐದು ತಿಂಗಳೊಳಗೆ ಮುಗಿಯುತ್ತದೆ. ಟೋಲಿನಿಂದ 20 ಕಿಲೋಮೀಟರಿನೊಳಗೆ ವಾಸಿಸುವವರ ಮಾಸಿಕ ಪಾಸು ನಿಮ್ಮ ಬಡಾವಣೆಗೆ ಸಿಗುತ್ತದೆಯೇ ಎಂಬುದನ್ನು ಟೋಲಿನ ಕಚೇರಿಯಲ್ಲಿಯೇ ಕೇಳಿ ತಿಳಿಯುವುದು ಒಳ್ಳೆಯದು. ಕಾರಿನಲ್ಲಿ ಚಲ್ಲಘಟ್ಟದವರೆಗೆ ಬಂದು ಅಲ್ಲಿಂದ ಮೆಟ್ರೊ ಹಿಡಿಯುವುದು ಹಲವರು ಕಂಡುಕೊಂಡಿರುವ ನಡುವಣ ದಾರಿ. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗ ಪೂರ್ಣಗೊಂಡ ಮೇಲೆ ಇದು ನಿಜಕ್ಕೂ ನೆರವಿಗೆ ಬಂದಿದೆ, ಬಿಡದಿಯವರಿಗೆ ಎಲ್ಲರಿಗಿಂತ ಹೆಚ್ಚಾಗಿ.

ಇಷ್ಟು ತಿಳಿದ ಮೇಲೆ, ನೋಡಿದ ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿನವರೆಗೆ ಮೂರು ದಿನ ಹೋಗಿ ಬನ್ನಿ. ಒಂದು ದಿನ ಸೋಮವಾರವಾಗಿರಲಿ, ಒಂದು ದಿನ ಮಳೆಯಿರಲಿ. ಭಾನುವಾರ ಕಾರಿನಲ್ಲಿ ನಲವತ್ತು ನಿಮಿಷಕ್ಕೆ ತಲುಪಿಸಿದ ಬ್ರೋಕರನ ಮಾತಿನ ಮೇಲೆ ಇಪ್ಪತ್ತು ವರ್ಷದ ಸಾಲ ಮಾಡಬಾರದು. ಈ ಪ್ರಯಾಣದಲ್ಲಿ ಒಂದು ಸಂಗತಿ ಖಂಡಿತ ಅನುಭವಕ್ಕೆ ಬರುತ್ತದೆ: ರೈಲಿನಲ್ಲಿ ಊರಿಂದೂರಿಗೆ ಆಗುವ ವ್ಯತ್ಯಾಸಕ್ಕಿಂತ ಮನೆಯಿಂದ ನಿಲ್ದಾಣಕ್ಕೆ ಹೋಗುವುದರಲ್ಲಿ ಆಗುವ ವ್ಯತ್ಯಾಸ ದೊಡ್ಡದು. ನಿಲ್ದಾಣಕ್ಕೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದ ಚನ್ನಪಟ್ಟಣದ ಮನೆ, ಹೆದ್ದಾರಿಯಿಂದ ಐದು ಕಿಲೋಮೀಟರ್ ಒಳಗೆ ಹೊಲದ ನಡುವೆ ಎದ್ದ ಬಿಡದಿಯ ಬಡಾವಣೆಗಿಂತ ಕಚೇರಿಗೆ ಹತ್ತಿರವಾಗಿರಬಹುದು.

ಊರಿನಲ್ಲಿ ಉಳಿಯುವವರ ದಿನ

ಬಿಡದಿ ಬೆಳೆದದ್ದು ಕಾರ್ಖಾನೆಗಳಿಂದ. ಟೊಯೊಟಾದ ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಬಿಡಿಭಾಗಗಳ ಘಟಕಗಳು, ಕಾರ್ಮಿಕರ ಬಾಡಿಗೆ ಮನೆಗಳು, ಹೋಟೆಲುಗಳು ಹಬ್ಬಿದವು. ಬಾಡಿಗೆಗೆ ಕೊಟ್ಟರೆ ಮನೆ ಖಾಲಿ ಉಳಿಯುವುದಿಲ್ಲ ಎಂಬುದು ಈ ಊರಿನ ಬಲ. ಪಾಳಿ ಬದಲಾಗುವ ಹೊತ್ತಿನಲ್ಲಿ ರಸ್ತೆಗಳು ಬಸ್ಸುಗಳಿಂದ ತುಂಬಿಹೋಗುವುದು, ಹೊಸ ಬಡಾವಣೆಗಳು ಒಂದಕ್ಕೊಂದು ಸೇರದೆ ಚದುರಿರುವುದು ಅದರ ತೊಡಕು. ಇಲ್ಲಿ ನೀರಿನ ವಿಚಾರವನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿ ಹರಿದು ಬರುವುದು ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ. ಆ ಹರಿವಿನ ಆಸುಪಾಸಿನಲ್ಲಿ ಮನೆ ನೋಡುವವರು ಸಂಜೆ ಗಾಳಿ ಬೀಸುವ ಹೊತ್ತಿನಲ್ಲಿ ಅಂಗಳದಲ್ಲಿ ಅರ್ಧ ಗಂಟೆ ಕುಳಿತು ನೋಡಬೇಕು, ಬೋರ್‌ವೆಲ್ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂಗಡದ ಮಾತಾಡಬೇಕು.

ರಾಮನಗರ 2007ರಿಂದ ಜಿಲ್ಲಾ ಕೇಂದ್ರವಾಗಿರುವುದರಿಂದ ಜಿಲ್ಲಾ ಆಸ್ಪತ್ರೆ, ನ್ಯಾಯಾಲಯ, ಕಾಲೇಜುಗಳು, ಜಿಲ್ಲಾಧಿಕಾರಿ ಕಚೇರಿ ಎಲ್ಲವೂ ಊರಿನಲ್ಲಿಯೇ ಇವೆ. ಮನೆಯ ಗಂಡಸರೂ ಹೆಂಗಸರೂ ಬೆಂಗಳೂರಿಗೆ ಹೋದ ಹೊತ್ತಿನಲ್ಲಿ ಹಿರಿಯರಿಗೆ ಎದೆನೋವು ಬಂದರೆ ಆಟೊ ಹಿಡಿದು ಹೋಗಬಹುದಾದ ದೂರದಲ್ಲಿ ಆಸ್ಪತ್ರೆಯಿರುವುದು ಎಷ್ಟು ದೊಡ್ಡ ಧೈರ್ಯ ಎಂಬುದು ಅಂಥ ಹಿರಿಯರಿರುವ ಮನೆಯವರಿಗೆ ಗೊತ್ತು. ನಾವು ಈ ಒಂದು ಕಾರಣಕ್ಕಾಗಿ ರಾಮನಗರದಲ್ಲಿ ಕೊಂಡೆವು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರಿದು. ನೂಲು ಬಿಚ್ಚುವ ಘಟಕಗಳ ನಡುವಿನ ಬೀದಿಗಳಲ್ಲಿ ಗೂಡು ಬೇಯಿಸುವ ವಾಸನೆ ದಿನವಿಡೀ ಇರುತ್ತದೆ. ಅದು ಆ ಊರಿನ ಅನ್ನದ ವಾಸನೆ, ಅದನ್ನು ದೂರುವುದು ನನ್ನ ಉದ್ದೇಶವಲ್ಲ, ಆದರೆ ಉಸಿರಾಟದ ತೊಂದರೆಯಿರುವವರು ಅಂಥ ಬೀದಿಯಿಂದ ದೂರ ಮನೆ ನೋಡಬೇಕು. ಇನ್ನು ಮಳೆ. 2022ರ ಆಗಸ್ಟಿನ ಮಳೆಯಲ್ಲಿ ರಾಮನಗರ, ಚನ್ನಪಟ್ಟಣಗಳ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಹೊಸ ಹೆದ್ದಾರಿಯೇ ರಾಮನಗರದ ಬಳಿ ಕೆರೆಯಂತಾಯಿತು. ಮನೆಯನ್ನು ನೋಡಲು ಹೋದಾಗ ಮಾರುವವರನ್ನು ಬಿಟ್ಟು ಎದುರು ಮನೆಯವರನ್ನು, ಬೀದಿ ತುದಿಯ ಅಂಗಡಿಯವರನ್ನು ‘ಆ ವರ್ಷ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿ. ಅಳತೆಯನ್ನು ಅವರು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಚನ್ನಪಟ್ಟಣ ಗೊಂಬೆಗಳ ಊರು, ತೆಂಗು ಮತ್ತು ಹಿಪ್ಪುನೇರಳೆಯ ಸೀಮೆ. ಹಳೆಯ ಪಟ್ಟಣವಾದ್ದರಿಂದ ಪೇಟೆ, ಶಾಲೆ, ದೇವಸ್ಥಾನ, ನಿಲ್ದಾಣಗಳು ನಡಿಗೆಯ ದೂರದಲ್ಲಿ ಸಿಗುವ ಬೀದಿಗಳು ಅಲ್ಲಿ ಇನ್ನೂ ಇವೆ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುವ ನೆರೆಹೊರೆಯೂ ಇದೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ಮೂರರಲ್ಲಿ ಇದೇ ಹೆಚ್ಚು ನೆಮ್ಮದಿಯ ಊರೆಂದು ನನ್ನ ಅಭಿಪ್ರಾಯ. ದಿನವೂ ಹೋಗಬೇಕಾದವರಿಗೆ, ಅದರಲ್ಲಿಯೂ ಮೆಜೆಸ್ಟಿಕ್ಕಿನಿಂದ ಮುಂದೆ ಇನ್ನೊಂದು ಗಂಟೆ ಸಾಗಬೇಕಾದವರಿಗೆ, ಇದನ್ನು ನಾನು ಹೇಳಲಾರೆ. ಮಕ್ಕಳು ಏಳುವ ಮುನ್ನ ಹೊರಟು ಅವರು ಮಲಗಿದ ಮೇಲೆ ಮರಳುವ ತಂದೆತಾಯಿಗೆ ಸ್ವಂತ ಮನೆಯಿಂದ ಸಿಗುವ ಸಂತೋಷ ಬಹಳ ಕಡಿಮೆ. ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ಆನೆಗಳು ಬರುವುದುಂಟು. ಪಟ್ಟಣದಿಂದ ದೂರ ತೋಟದ ಮನೆ ಕೊಳ್ಳುವವರು ಅದನ್ನೂ ವಿಚಾರಿಸಬೇಕು.

ಊರು ಯಾವುದಾದರೂ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಡುತ್ತಾರೆ, ಒಳಚರಂಡಿಯ ಸಂಪರ್ಕ ಮನೆಯವರೆಗೆ ಬಂದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಏಪ್ರಿಲ್ ತಿಂಗಳಿನಲ್ಲಿ ಕೇಳುವುದು ಉತ್ತಮ. ಜನವರಿಯಲ್ಲಿ ಎಲ್ಲ ಊರಿನ ನಲ್ಲಿಯಲ್ಲೂ ನೀರಿರುತ್ತದೆ.

ಬರಲಿರುವುದಕ್ಕೆ ಬೆಲೆ ಕೊಡುವ ಮುನ್ನ

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ತೀರ್ಮಾನಿಸಿದ ಕೂಡಲೇ ‘ಇನ್ನು ಇದು ಬೆಂಗಳೂರೇ’ ಎಂಬ ಮಾತು ಸೈಟಿನ ಬೆಲೆಯೊಳಗೆ ಸೇರಿಕೊಂಡಿತು. ಜಿಲ್ಲೆಯ ಹೆಸರು ಬದಲಾದರೆ ನೀರಿನ ಪೈಪಾಗಲಿ ಬಸ್ಸಾಗಲಿ ತಾನಾಗಿ ಬರುವುದಿಲ್ಲ. ಬಿಡದಿಗೆ ಮೆಟ್ರೊ ಬರುತ್ತದೆ ಎಂಬುದಕ್ಕೂ ಇದೇ ಉತ್ತರ: ಹಳಿ ಹಾಕಿ ರೈಲು ಓಡಿದ ಮೇಲೆ ಆ ಬೆಲೆ ಕೊಡೋಣ. ಬಿಡದಿಯ ಸುತ್ತ ಸಮಗ್ರ ಉಪನಗರಕ್ಕಾಗಿ ಭೂಸ್ವಾಧೀನದ ಅಧಿಸೂಚನೆ ಹೊರಟು ರೈತರು ವಿರೋಧಿಸಿ ಹೋರಾಟಕ್ಕೆ ಕುಳಿತಿರುವುದರಿಂದ, ಅಲ್ಲಿ ಕೊಳ್ಳುವವರು ತಮ್ಮ ಸರ್ವೆ ನಂಬರು ಆ ಅಧಿಸೂಚನೆಯಲ್ಲಿದೆಯೇ ಎಂಬುದನ್ನು ಮೊದಲು ನೋಡಲೇಬೇಕು.

ಕಾಗದಪತ್ರಗಳ ವಿಚಾರವನ್ನು ವಕೀಲರಿಗೆ ಬಿಡುವುದೇ ಸರಿ, ಆದರೆ ವಕೀಲರ ಬಳಿ ಹೋಗುವ ಮುನ್ನ ನಾವೇ ಕೇಳಬೇಕಾದ ಕೆಲವು ಇವೆ. ಮನೆ ನಗರಸಭೆ ಅಥವಾ ಪುರಸಭೆಯ ವ್ಯಾಪ್ತಿಯಲ್ಲಿದ್ದರೆ ಇ-ಖಾತೆ (ಆಸ್ತಿಯ ಆನ್‌ಲೈನ್ ದಾಖಲೆ) ಅಧಿಕೃತ ಆಸ್ತಿಯ ‘ಎ’ ಆಗಿದೆಯೋ ಅನುಮೋದನೆಯಿಲ್ಲದ ಆಸ್ತಿಯ ‘ಬಿ’ ಆಗಿದೆಯೋ, ಗ್ರಾಮ ಪಂಚಾಯಿತಿಯಲ್ಲಿದ್ದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೋ, ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ ಬರೀ 11ಬಿ ಇದೆಯೋ. ಜಮೀನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾಗಿ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಸಿಕ್ಕಿದೆಯೇ. ಹೊಸ ಯೋಜನೆಯಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಇದೆಯೇ. ಮೂಲದಲ್ಲಿ ಅದು ಪರಿಶಿಷ್ಟರಿಗೆ ಮಂಜೂರಾದ ಜಮೀನೇ? ಕೊನೆಯದು ನಿಜವಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ, ಸರ್ಕಾರದ ಅನುಮತಿಯಿಲ್ಲದೆ ಆದ ಹಳೆಯ ಮಾರಾಟವೂ ಅನೂರ್ಜಿತವಾಗಬಹುದು. ಕನಿಷ್ಠ 30 ವರ್ಷದ ಋಣಭಾರ ಪತ್ರವನ್ನು (ಆಸ್ತಿಯ ಮಾರಾಟ, ಅಡಮಾನಗಳ ದಾಖಲೆ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಯಿರಿ. ಮಾರುವವರು ಕೊಟ್ಟ ಜೆರಾಕ್ಸನ್ನು ನೆಚ್ಚಬೇಡಿ. ನಮಗೆ ತೋರಿಸಿದ ಎರಡನೆಯ ಮನೆ ಎಲ್ಲ ರೀತಿಯಲ್ಲೂ ಹಿಡಿಸಿತ್ತು. ಪರಿವರ್ತನೆಯ ಆದೇಶ ಪಕ್ಕದ ಸರ್ವೆ ನಂಬರಿನದು ಎಂದು ತಿಳಿದದ್ದು ಮುಂಗಡ ಕೊಡುವ ಹಿಂದಿನ ದಿನ. ಬೆಲೆಯ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜು, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಇವೆಲ್ಲ ಸೇರಿ ಶೇ 7.6ರ ಆಸುಪಾಸು ಬೇರೆಯಾಗಿ ತೆಗೆದಿಡಿ, ಏಕೆಂದರೆ ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ.

ಇಷ್ಟಾದರೂ ಎರಡು ಊರುಗಳ ನಡುವೆ ಮನಸ್ಸು ತೂಗುತ್ತಲೇ ಇದ್ದರೆ, ಹೆಚ್ಚು ಒಲಿದ ಊರಿನಲ್ಲಿ ಹನ್ನೊಂದು ತಿಂಗಳಿಗೆ ಮನೆ ಬಾಡಿಗೆಗೆ ಹಿಡಿಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕಳೆಯುವಷ್ಟರಲ್ಲಿ ಯಾವ ಬೀದಿಗೆ ನೀರು ಬರುತ್ತದೆ, ಯಾವ ಶಾಲೆಯ ವಾಹನ ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಮನೆ ಮಾರಾಟಕ್ಕಿದೆ ಎಂಬುದೆಲ್ಲ ತಿಳಿದಿರುತ್ತದೆ. ಆ ಹನ್ನೊಂದು ತಿಂಗಳ ಕೊನೆಯಲ್ಲಿ, ಹಗಲೆಲ್ಲ ಮನೆಯಲ್ಲಿ ಉಳಿದವರನ್ನು ಮೊದಲು ಕೇಳಿ, ಅವರು ಹೇಳಿದ್ದನ್ನು ಆ ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಬ್ರೋಕರಿಗೆ ಫೋನು ಮಾಡುವುದು ಅದಾದ ಮೇಲಿರಲಿ.