ಮನಸ್ಸಿಗೆ ಪೆಟ್ಟು ಬಿದ್ದಿರೋ ಮಕ್ಕಳು ಕ್ಲಾಸಲ್ಲಿದ್ರೆ ಟೀಚರ್ ಏನ್ ಮಾಡ್ಬೋದು

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಆ ಮಗುಗೆ ಏನಾಗಿದೆ ಅಂತ ನಿಮಗೆ ಗೊತ್ತಿರ್ಲೇಬೇಕು ಅಂತೇನಿಲ್ಲ. ಸುಮಾರು ಟೀಚರ್‌ಗಳು ಇಲ್ಲೇ ಸಿಕ್ಕಾಕೊಳ್ತಾರೆ, ಮನೇಲಿ ಏನ್ ನಡೀತಿದೆ ಅಂತ ತಿಳ್ಕೊಂಡ್ರೆ ಮಾತ್ರ ಸಹಾಯ ಮಾಡಕ್ಕಾಗೋದು ಅನ್ಕೊಂಡು ಅವರಿವರನ್ನ ವಿಚಾರಿಸ್ತಾ ಕೂರ್ತಾರೆ, ಅಷ್ಟರಲ್ಲಿ ಮಗು ಇನ್ನೂ ದೂರ ಹೋಗಿರುತ್ತೆ. ಅಮೆರಿಕದಲ್ಲಿ 1995ರಿಂದ 1997ರ ತನಕ 17,000ಕ್ಕೂ ಹೆಚ್ಚು ದೊಡ್ಡವರನ್ನ ಅವರ ಬಾಲ್ಯದ ಬಗ್ಗೆ ಕೇಳಿ ಏಸ್ ಸ್ಟಡಿ (ಬಾಲ್ಯದ ಕೆಟ್ಟ ಅನುಭವಗಳ ಅಧ್ಯಯನ) ಅಂತ ಒಂದು ಮಾಡಿದ್ರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೇಲಿ ಕುಡಿತ, ಅಪ್ಪ ಅಮ್ಮ ಬೇರೆಯಾಗಿದ್ದು, ಇಂಥದ್ರಲ್ಲಿ ಒಂದಾದ್ರೂ ಆಗಿದೆ ಅಂದವರು ಹತ್ರಹತ್ರ ಮೂರರಲ್ಲಿ ಎರಡು ಭಾಗ. ಅಂದ್ರೆ ನಿಮ್ಮ ಕ್ಲಾಸಲ್ಲೂ ಇಂಥ ಮಕ್ಕಳು ಇರೋ ಚಾನ್ಸ್ ಜಾಸ್ತಿನೇ, ಯಾರು ಅಂತ ಗೊತ್ತಾಗದೇ ಇರ್ಬೋದು ಅಷ್ಟೇ. ಹಾಗಾಗಿ ಕೆಳಗೆ ಹೇಳೋದನ್ನ ಇಡೀ ಕ್ಲಾಸಿಗೇ ಮಾಡಿ, ಒಬ್ಬರನ್ನ ಬೇರೆ ಮಾಡಿ ತೋರಿಸೋದೇ ಬೇಡ.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಕೋಪ ಅರ್ಧ ಇಳಿಯುತ್ತೆ. ಮೆದುಳಲ್ಲಿ ಅಮಿಗ್ಡಲಾ ಅಂತ ಚಿಕ್ಕ ಭಾಗ ಇದೆ, ಅಪಾಯ ಬಂತು ಅಂತ ಎಚ್ಚರಿಸೋ ಕೆಲಸ ಅದರದ್ದು. ತುಂಬಾ ದಿನ ಭಯದಲ್ಲೇ ಬೆಳೆದ ಮಗುಗೆ ಇದು ಸಣ್ಣಪುಟ್ಟದ್ದಕ್ಕೂ ಎದ್ದು ಕೂರುತ್ತೆ, ಬಾಗಿಲು ಧಡ್ ಅಂದ್ರೂ ಸಾಕು, ನೀವು ಸ್ವಲ್ಪ ಜೋರಾಗಿ ಹೆಸರು ಕರೆದ್ರೂ ಸಾಕು. ಆಗ ಯೋಚನೆ ಮಾಡಿ, ತಡ್ಕೊಂಡು, ಉತ್ತರ ಕೊಡೋ ಮುಂಭಾಗದ ಮೆದುಳು ಹಿಂದೆ ಸರಿಯುತ್ತೆ, ಮೈ ಮಾತ್ರ ಹೊಡೆದಾಟಕ್ಕೋ ಓಡಕ್ಕೋ ರೆಡಿಯಾಗುತ್ತೆ, ಇಲ್ಲಾಂದ್ರೆ ಹಾಗೇ ಕಲ್ಲಾಗ್ಬಿಡುತ್ತೆ. ಹೊಡೆದಾಡೋನು ಎಲ್ಲರ ಕಣ್ಣಿಗೂ ಬೀಳ್ತಾನೆ. ಕಲ್ಲಾಗೋ ಮಗು ಯಾರಿಗೂ ಕಾಣಲ್ಲ, "ಪಾಪ ತುಂಬಾ ಒಳ್ಳೇ ಹುಡುಗಿ, ಗಲಾಟೆನೇ ಇಲ್ಲ" ಅಂತ ರಿಪೋರ್ಟ್ ಕಾರ್ಡಲ್ಲಿ ಬರೆದು ಮುಗಿಸ್ಬಿಡ್ತೀವಿ. ಇನ್ನೊಂದು, ಗಮನ ನಿಲ್ಲಲ್ಲ, ಕೂತಲ್ಲಿ ಕೂರಲ್ಲ ಅನ್ನೋದೆಲ್ಲ ಎಡಿಎಚ್‌ಡಿ ಅನ್ನೋ ಗಮನದ ತೊಂದರೆ ಥರಾನೂ ಕಾಣುತ್ತೆ, ಯಾವ್ದು ಅಂತ ಹೇಳೋದು ಡಾಕ್ಟರ್ ಕೆಲಸ, ಸ್ಟಾಫ್ ರೂಮಲ್ಲಿ ಕೂತು ತೀರ್ಮಾನ ಮಾಡೋದಲ್ಲ.

ಈಗ ಕೆಲಸಕ್ಕೆ ಬರೋಣ. ನನ್ನ ಕೇಳಿದ್ರೆ ಎಲ್ಲಕ್ಕಿಂತ ಮುಖ್ಯ, ಮುಂದೇನಾಗುತ್ತೆ ಅಂತ ಮಗುಗೆ ಮೊದ್ಲೇ ಗೊತ್ತಿರೋದು. ಇವತ್ತಿನ ದಿನ ಹೇಗಿರುತ್ತೆ ಅಂತ ಬೋರ್ಡ್ ಮೂಲೆಯಲ್ಲಿ ದಿನಾ ಒಂದೇ ಜಾಗದಲ್ಲಿ ಬರೀರಿ, ಚಿಕ್ಕ ಮಕ್ಕಳಾದ್ರೆ ಚಿತ್ರ ಹಾಕಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗೋವಾಗ "ಇನ್ನೈದು ನಿಮಿಷ, ಆಮೇಲೆ ಪುಸ್ತಕ ಮುಚ್ತೀವಿ" ಅಂತ ಹೇಳಿ. ನೀವು ನಾಳೆ ರಜಾ, ಬೇರೆ ಟೀಚರ್ ಬರ್ತಾರೆ ಅಂದ್ರೆ ಇವತ್ತೇ ತಿಳಿಸಿ, ಫೈರ್ ಡ್ರಿಲ್ ಇದ್ರೆ ಬೆಲ್ ಹೊಡೆಯೋ ಮೊದ್ಲೇ ತಿಳಿಸಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮಾತಾಡ್ಸೋದು ಒಂದು ನಿಮಿಷದ ಕೆಲಸ, ಆದ್ರೆ ನಿನ್ನೆ ಜಗಳ ಆಡಿ ಹೋದವನಿಗೂ ಇವತ್ತು ಅದೇ ಮುಖದಲ್ಲಿ ಮಾತಾಡ್ಸಿ, ಪರೀಕ್ಷೆ ಇರೋದೇ ಅಲ್ಲಿ. ಸೋಮವಾರ ನಗ್ತಾ ಮಂಗಳವಾರ ಸಿಡುಕೋ ಟೀಚರ್‌ಗಿಂತ ದಿನಾ ಒಂದೇ ಥರ ಸ್ವಲ್ಪ ಸ್ಟ್ರಿಕ್ಟ್ ಆಗಿರೋರೇ ಈ ಮಕ್ಕಳಿಗೆ ವಾಸಿ.

ಮಗು ಸಿಡಿದೆದ್ದಾಗ ಏನ್ ಮಾಡೋದು? ಬುದ್ಧಿವಾದ ಆಗ ತಲೆಗೆ ಹೋಗಲ್ಲ ಸ್ವಾಮಿ, ಎಷ್ಟೇ ಚೆನ್ನಾಗಿ ಹೇಳಿದ್ರೂ. ಬ್ರೂಸ್ ಪೆರ್ರಿ ಅಂತ ಅಮೆರಿಕದ ಮಕ್ಕಳ ಮನೋವೈದ್ಯರು, ಅವರು ಒಂದು ಕ್ರಮ ಹೇಳ್ತಾರೆ, ಮೊದ್ಲು ಮಗು ಶಾಂತ ಆಗ್ಬೇಕು, ಆಮೇಲೆ ನಿಮ್ಮ ಜೊತೆ ಸೇರ್ಕೋಬೇಕು, ಸರಿತಪ್ಪಿನ ಮಾತು ಕೊನೇಗೆ. ನಾವು ಮಾಡೋದು ಉಲ್ಟಾ, "ಯಾಕೆ ಹಿಂಗ್ ಮಾಡ್ದೆ ಹೇಳು" ಅಂತಾನೇ ಶುರು. ಅದರ ಬದ್ಲು ಧ್ವನಿ ತಗ್ಗಿಸಿ, ಮಾತು ಕಡಿಮೆ ಮಾಡಿ, ಎದುರಿಗೆ ಅಡ್ಡ ನಿಲ್ಲೋ ಬದ್ಲು ಪಕ್ಕಕ್ಕೆ ಸ್ವಲ್ಪ ದೂರ ನಿಂತ್ಕೊಳ್ಳಿ, ಬಾಗಿಲ ದಾರಿ ಮಾತ್ರ ಮುಚ್ಬೇಡಿ. "ನನ್ನ ಕಣ್ ನೋಡಿ ಮಾತಾಡು" ಅನ್ಲೇಬೇಡಿ. ಹಿಂದಿಂದ ಬಂದು ಹೆಗಲ ಮೇಲೆ ಕೈ ಇಡೋದೂ ಬೇಡ, ನಿಮಗದು ಪ್ರೀತಿ, ಆ ಮಗುಗೆ ಬೇರೇನೋ ನೆನಪು. ಎರಡು ಸಣ್ಣ ಆಯ್ಕೆ ಕೊಡಿ, "ಇಲ್ಲೇ ಕೂರ್ತೀಯಾ, ಕಿಟಕಿ ಹತ್ರ ಕೂರ್ತೀಯಾ?" ಅಷ್ಟೇ. ಉಳಿದ ಮಕ್ಕಳಿಗೆ ಏನಾದ್ರೂ ಕೆಲಸ ಕೊಟ್ಬಿಡಿ, ನೋಡೋರು ಕಡಿಮೆ ಆದಷ್ಟೂ ಬೇಗ ಇಳಿಯುತ್ತೆ. ಹಾಗಂತ ಮಾಡಿದ್ದೆಲ್ಲ ಮಾಫಿ ಅಂತಲ್ಲ, ಒಡೆದಿದ್ದನ್ನ ಸರಿ ಮಾಡ್ಬೇಕು, ಯಾರಿಗಾದ್ರೂ ನೋವಾಗಿದ್ರೆ ಅದನ್ನ ಸರಿಪಡಿಸ್ಬೇಕು, ಆದ್ರೆ ಅದು ತಣ್ಣಗಾದ್ಮೇಲೆ, ಒಬ್ರೇ ಇದ್ದಾಗ.

ಪಾಠದಲ್ಲೂ ಸ್ವಲ್ಪ ನೋಡ್ಕೊಳ್ಳಿ. ವಂಶವೃಕ್ಷ ಬರೀರಿ, ಅಮ್ಮನಿಗೆ ಕಾರ್ಡ್ ಮಾಡಿ, ಚಿಕ್ಕವರಿದ್ದಾಗಿನ ಫೋಟೋ ತನ್ನಿ, ರಜೇಲಿ ಏನ್ ಮಜಾ ಮಾಡಿದ್ರಿ ಬರೀರಿ, ಇವೆಲ್ಲ ಕೆಲವು ಮಕ್ಕಳಿಗೆ ಗಾಯ ಕೆದಕಿದ ಹಾಗೆ. ನಿಲ್ಲಿಸ್ಬೇಕಿಲ್ಲ, ಪಕ್ಕದಲ್ಲಿ ಇನ್ನೊಂದು ವಿಷಯ ಇಟ್ರೆ ಸಾಕು, ನಿಮಗೆ ಇಷ್ಟವಾದ ಯಾರಿಗಾದ್ರೂ ಕಾರ್ಡ್ ಮಾಡಿ ಅಂದ್ರೆ ಮುಗೀತು. ಉದ್ದದ ರಜಾ ಹತ್ರ ಬಂದಾಗ ಎಲ್ಲರೂ ಕುಣೀತಿರ್ತಾರೆ, ಈ ಮಕ್ಕಳಲ್ಲಿ ಕೆಲವರು ಮಾತ್ರ ಕಿರಿಕಿರಿ ಜಾಸ್ತಿ ಮಾಡ್ತಾರೆ, ರಜಾ ಅಂದ್ರೆ ಅವರಿಗೆ ಇಡೀ ದಿನ ಮನೇಲಿ ಇರೋದು ಅಂತ ಅರ್ಥ. ಶಾಲೆ ಮತ್ತೆ ಶುರುವಾಗೋ ತಾರೀಕು ಬರೆದು ಕೊಟ್ಟು ಕಳ್ಸಿ.

ಮಗು ತಾನಾಗೇ ಏನಾದ್ರೂ ಹೇಳ್ಕೊಂಡ್ರೆ? ಕೇಳಿಸ್ಕೊಳ್ಳಿ, ಕೆದಕಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಬೇಡಿ, ಯಾಕಂದ್ರೆ ಹೇಳ್ಲೇಬೇಕಾಗುತ್ತೆ, ಆಗ ನಂಬಿಕೆ ಇನ್ನೊಂದ್ ಸಲ ಮುರಿಯುತ್ತೆ. "ನೀನು ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ, ಸಹಾಯ ಮಾಡೋರ ಹತ್ರ ಮಾತ್ರ ಇದನ್ನ ಹೇಳ್ತೀನಿ" ಅಷ್ಟು ಸಾಕು. ಆಮೇಲೆ ಮಗು ಹೇಳಿದ ಮಾತಲ್ಲೇ ಬರೆದಿಟ್ಟು, ಶಾಲೇಲಿ ಮಕ್ಕಳ ಸುರಕ್ಷತೆ ನೋಡ್ಕೊಳ್ಳೋರಿಗೆ ಅವತ್ತೇ ತಿಳಿಸಿ, ನಾಳೆಗೆ ಇಡ್ಬೇಡಿ. ಮನೆಯವರ ಮೇಲೇ ಅನುಮಾನ ಇದ್ರೆ ನೀವಾಗೇ ಮನೆಗೆ ಫೋನ್ ಮಾಡಕ್ಕೆ ಹೋಗ್ಬೇಡಿ, ಮಗು ಇನ್ನೂ ಕಷ್ಟಕ್ಕೆ ಸಿಗುತ್ತೆ. ನೀವು ಕೌನ್ಸೆಲರ್ ಅಲ್ಲ, ಆಗ್ಬೇಕಾಗೂ ಇಲ್ಲ.

ಇಂಥದ್ದನ್ನ ಕೇಳಿ ಕೇಳಿ ನಿಮಗೂ ನಿದ್ದೆ ಕೆಡುತ್ತೆ, ಮನೇಲೂ ಅದೇ ತಲೇಲಿ ಸುತ್ತುತ್ತೆ, ಟೀಚರ್‌ಗಳಿಗೆ ನರ್ಸ್‌ಗಳಿಗೆಲ್ಲ ಇದು ಆಗೋದೇ. ನಂಬಿಕೆ ಇರೋ ಒಬ್ಬ ಸಹೋದ್ಯೋಗಿ ಹತ್ರ ಮಗು ಹೆಸರು ಹೇಳದೆ ಮಾತಾಡಿ, ಅವತ್ತು ನಿಮಗೇ ಕೋಪ ತಡೆಯಕ್ಕಾಗ್ತಿಲ್ಲ ಅಂದ್ರೆ ಪಕ್ಕದ ಕ್ಲಾಸಿನವರನ್ನ ಐದು ನಿಮಿಷಕ್ಕೆ ಕರ್ಸಿ ಹೊರಗೆ ಹೋಗ್ಬನ್ನಿ.

ವರ್ಷ ಮುಗಿದು ಮಗು ಮುಂದಿನ ಕ್ಲಾಸಿಗೆ ಹೋಗೋವಾಗ ಹೊಸ ಟೀಚರ್‌ಗೆ ಏನು ಹೇಳ್ಬೇಕು ಅನ್ನೋದೂ ಮುಖ್ಯ. ಮನೆ ಕಥೆ ಎಲ್ಲ ಬಿಚ್ಚಿಡ್ಬೇಡಿ, ಸುರಕ್ಷತೆ ವಿಷ್ಯ ಇದ್ರೆ ಅದು ಸುರಕ್ಷತೆ ನೋಡ್ಕೊಳ್ಳೋರ ಮೂಲಕನೇ ಹೋಗ್ಲಿ. ಗೋಡೆಗೆ ಬೆನ್ನು ಕೊಟ್ಟು ಕೂರ್ಸಿದ್ರೆ ಆರಾಮಾಗಿರ್ತಾನೆ, ಗಟ್ಟಿಯಾಗಿ ಓದಿಸೋ ಮುಂಚೆ ಹೇಳಿದ್ರೆ ಓದ್ತಾನೆ, ಸಿಟ್ಟು ಬಂದಾಗ ನೀರು ಕುಡಿಯಕ್ಕೆ ಕಳ್ಸಿದ್ರೆ ವಾಪಸ್ ಬಂದು ಕೂರ್ತಾನೆ, ಇಂಥದ್ದು ನಾಲ್ಕು ಸಾಲು ಬರೆದು ಕೊಡಿ.